ಮಾವನ ‘ಬರ್ತೀನಿ’ ಡಿಸ್ಕು

ನಮ್ಮ ಸೋದರಮಾವನ ಮನೆಯೊಳಕ್ಕೆ ಯಾರು ಬೇಕಾದರೂ ಹೋಗಬಹುದಿತ್ತು. ಹೊರಗೆ ಬರುವುದೇ ಕಷ್ಟ! ಕಳ್ಳ ನುಗ್ಗಿದ್ದರೂ ಅವನನ್ನು ಗೇಟಿನ ಹತ್ತಿರ ನಿಲ್ಲಿಸಿ, “ಏನಪ್ಪಾ, ಹೇಳ್ದೆ ಕೇಳ್ದೆ ಹೊರಟ್ಬುಟ್ಟೆ?” ಎಂದು ಕೇಳುತ್ತಿದ್ದರೇನೋ.

ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಅವರು ಹಸಿರು ಬಾವುಟ ಬೀಸದೆ ಗಾಡಿ ಕದಲುತ್ತಿರಲಿಲ್ಲ. ನಿವೃತ್ತರಾದ ಮೇಲೆ ಗಾಡಿ ಎಲ್ಲಿಂದ ತರುವುದು? ಜಯಲಕ್ಷ್ಮಿಪುರಂ ಮನೆಗೆ ಬರುವ ನೆಂಟರಿಷ್ಟರೇ ಗಾಡಿಗಳಾದರು. ಹೊರಡುವವರು ಗೇಟಿನ ಬಳಿ ನಿಂತು, ಮಾವ ಹಿಡಿದ ಫೋನಿಗೆ “ಹೋಗಿ ಬರ್ತೀನಿ” ಎನ್ನಬೇಕು, ಅದು ರೆಕಾರ್ಡ್ ಆಗಬೇಕು. ಬಾಯಿತಪ್ಪಿ “ಹೋಗ್ತೀನಿ” ಎಂದಿರೋ, ಮುಗಿಯಿತು! “ಹಂಗನ್ಬಾರ್ದು ಕಣ್ರೀ, ಬರ್ತೀನಿ ಅನ್ನಿ. ಇನ್ನೊಂದ್ಸಲ!” ಗ್ಯಾಸ್ ಸಿಲಿಂಡರ್ ತಂದವರು, ಮೀಟರ್ ನೋಡಲು ಬಂದವರು, ಯಾರಿಗೂ ವಿನಾಯಿತಿ ಇಲ್ಲ. ಮತ ಕೇಳಲು ಬಂದವರಂತೂ ಎಲ್ಲರಿಗಿಂತ ಚೆನ್ನಾಗಿ “ಬರ್ತೀವಿ” ಎಂದರು. ಅವರು ಮತ್ತೆ ಬಂದದ್ದು ಮುಂದಿನ ಚುನಾವಣೆಗೇ!

ಈ “ಬರ್ತೀನಿ”ಗಳನ್ನೆಲ್ಲ ಮಾವ ಒಂದು ಹಾರ್ಡ್ ಡಿಸ್ಕಿನಲ್ಲಿ ಹೆಸರು ಹಾಕಿ ಜೋಡಿಸಿಡುತ್ತಿದ್ದರು. ಅಂಗೈಯಗಲದ ಆ ಡಿಸ್ಕಿಗೆ ಅತ್ತೆಯ ಕೈಯಲ್ಲಿ ಚೀಲ ಬೇರೆ ಹೊಲಿಸಿದ್ದರು. “ನನ್ ಒಡವೇಗೂ ಇಂಥ ಚೀಲ ಇಲ್ಲ ಕಣೇ” ಎನ್ನುತ್ತಿದ್ದರು ಅತ್ತೆ. ಡಿಸ್ಕಿನ ವೈರು ಕೀಳುವ ಮೊದಲು ಕಂಪ್ಯೂಟರಿನ ಪರದೆಯ ಮೇಲೆ “ಸುರಕ್ಷಿತವಾಗಿ ತೆಗೆ” ಎಂಬಲ್ಲಿ ಒತ್ತಬೇಕಲ್ಲ, ಅದೆಂದರೆ ಮಾವನಿಗೆ ಪರಮಾನಂದ. “ನೋಡ್ದಾ? ಹೇಳ್ದೆ ಹೋಗ್ಬಾರ್ದು ಅಂತ ಮಿಷೀನಿಗೂ ಗೊತ್ತು!”

“ಇದೆಲ್ಲ ಯಾಕೆ ಮಾವ?” ಎಂದು ಒಮ್ಮೆ ಕೇಳಿದ್ದೆ.

“ಬರ್ತೀನಿ ಅಂದೋರೆಲ್ಲಾ ಬರಲ್ಲ ಕಣಮ್ಮ. ಮಾತಾದ್ರೂ ಇರ್ಲಿ.”

ಅಷ್ಟು ಜನರ ನಡುವೆ ನನ್ನ ಫೈಲ್ ಒಂದೇ ಇರಲಿಲ್ಲ. ಫೋನಿನ ಮುಂದೆ ಹಾಗೆ ನಿಲ್ಲಲು ನನಗೆ ನಾಚಿಕೆ, ಸ್ವಲ್ಪ ಕೊಬ್ಬು ಕೂಡ. “ಆಮೇಲೆ ಹೇಳ್ತೀನಿ ಬಿಡಿ” ಎಂದು ಪ್ರತಿ ಸಲವೂ ನುಣುಚಿಕೊಳ್ಳುತ್ತಿದ್ದೆ. ಮಾವ ಬಿಟ್ಟಾರೆಯೇ? ನನ್ನ ಹೆಸರಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ ಕಾಯುತ್ತಿದ್ದರು.

ಹೋದ ವರ್ಷ ದಸರಾ ಮುಗಿದ ವಾರ, ನನ್ನ ಮಗಳ ನಾಮಕರಣದ ಫೋಟೊಗಳು ಅದೇ ಡಿಸ್ಕಿನಲ್ಲಿದ್ದವೆಂದು ಬೆಳಗ್ಗೆ ಬೆಳಗ್ಗೆ ಹೋಗಿ ಪೆನ್ ಡ್ರೈವಿಗೆ ಹಾಕಿಕೊಳ್ಳುತ್ತಿದ್ದೆ. ಹೊರಗೆ ಆಟೊ ಹಾರ್ನ್ ಹೊಡೆಯಿತು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ನನ್ನ ಕೆಲಸ, ತಡವಾದರೆ ಅರ್ಧ ದಿನದ ರಜೆ ಹೋಯಿತು. ಪೆನ್ ಡ್ರೈವ್ ಕೀಳುವ ಆತುರದಲ್ಲಿ ಪಕ್ಕದ ಡಿಸ್ಕಿನ ವೈರನ್ನೇ ಕಿತ್ತೆ! ಅದರ ದೀಪ ಇನ್ನೂ ಮಿಣುಕುತ್ತಿತ್ತು. ಮಾವ ಹೊಸ ಫೈಲುಗಳನ್ನು ಸೇರಿಸಲು ಬಿಟ್ಟಿದ್ದರು. ಗಾಬರಿಯಲ್ಲಿ ವೈರು ಮತ್ತೆ ಚುಚ್ಚಿ, ಯಾರಿಗೂ ಹೇಳದೆ ಓಡಿದೆ.

ಗೇಟಿನಲ್ಲಿ ಮಾವ ಫೋನ್ ಹಿಡಿದು ಸಿದ್ಧ. “ಇವತ್ತಾದ್ರೂ ಹೇಳಮ್ಮ!”

“ಏನ್ ಮಾವ ನಿಮ್ ಹುಚ್ಚು! ನಂಗೆ ಕೆಲ್ಸ ಇಲ್ವಾ?” ಗೇಟನ್ನು ಧಡಾರನೆ ಎಳೆದುಕೊಂಡು ಹೊರಟೆ.

ಸಂಜೆ ಮಾವನ ಫೋನ್. “ಡಿಸ್ಕು ಮುನಿಸ್ಕೊಂಡ್ಬುಟ್ಟಿದೆ ಕಣಮ್ಮ. ‘ಓದಲು ಮಾತ್ರ’ ಅಂತಿದೆ. ಹಳೇದೆಲ್ಲಾ ಕೇಳಿಸ್ತದೆ, ಹೊಸ್ದು ಒಂದೂ ಸೇರಿಸ್ಕೊಳಲ್ಲ.”

ಆಮೇಲೆ ಶುರುವಾಯಿತು ಚಿಕಿತ್ಸೆ. ವೈರು ಬದಲಾಯಿಸಿದರು. ಕಂಪ್ಯೂಟರಿನ ಹಿಂದೆ ಮುಂದೆ ಇದ್ದ ತೂತುಗಳಿಗೆಲ್ಲ ಚುಚ್ಚಿ ನೋಡಿದರು. ಎಲ್ಲೋ ಬೀಗದ ಗುಂಡಿ ಇರಬೇಕೆಂದು ಟಾರ್ಚು, ಭೂತಗನ್ನಡಿ ಹಿಡಿದು ಹುಡುಕಿದರು. ಅತ್ತೆಗೆ ಬೇರೆಯೇ ಚಿಂತೆ. “ಆಯುಧಪೂಜೇಲಿ ಅದಕ್ಕೂ ಕುಂಕುಮ ಇಟ್ಟಿದ್ನಲ್ಲ, ಒಳಗೆ ಹೋಯ್ತೇನೋ! ನಂದೇ ತಪ್ಪು.” ಮಾವ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಡಿಸ್ಕಿಗೆ ಹಲ್ಲುಜ್ಜಿದರು. ನಾನು ಅಲ್ಲೇ ಕೂತು ಅತ್ತೆ ಕೊಟ್ಟ ಕೋಡುಬಳೆ ತಿಂದೆ, ಬಾಯಿ ಬಿಡಲಿಲ್ಲ.

ಕೊನೆಗೆ ಲಷ್ಕರ್ ಮೊಹಲ್ಲಾದ ಒಂದು ರಿಪೇರಿ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. “ಓಡ್ತಿರೋವಾಗ ಯಾರಾದ್ರೂ ಅಂಗೇ ಕಿತ್ಬುಟ್ರಾ?”

“ಛೇ ಛೇ! ನಮ್ಮನೇಲಿ ಯಾರೂ ಹೇಳ್ದೆ ಕೇಳ್ದೆ ಹೋಗಲ್ಲ ಸ್ವಾಮಿ!” ಎಂದರು ಮಾವ. ಅಂಗಡಿಯವರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೇ ಅಸಹ್ಯವಾಗುತ್ತದೆ.

“ಅಂಗಾದ್ರೆ ಡಿಸ್ಕಿಗೇ ವಯಸ್ಸಾಯ್ತು. ಬೇರೆ ಡಿಸ್ಕಿಗೆ ಹಾಕ್ಕೊಡ್ಲಾ?”

ಮಾವ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡರು. “ಬೇಡ ಬಿಡಿ. ಕೆಂಪು ಸಿಗ್ನಲ್ ಬಿದ್ಮೇಲೆ ಗಾಡಿ ಓಡಿಸ್ಬಾರ್ದು.”

ಅವತ್ತಿನಿಂದ ಮಾವ ಗೇಟಿಗೆ ಬರುವುದನ್ನೇ ಬಿಟ್ಟರು. ಬಂದವರು ತಾವಾಗಿಯೇ ಅಲ್ಲಿ ಒಂದು ಕ್ಷಣ ನಿಂತು, ಹಿಂದಿರುಗಿ ನೋಡಿ ಹೋಗುತ್ತಿದ್ದರು. ಆಮೇಲೆ ನಾಲ್ಕು ಸಲ ಹೋಗಿದ್ದೆ. ನಾಲ್ಕು ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಮಾವ ಕುರ್ಚಿಯಿಂದಲೇ ಕೈಯೆತ್ತಿ, “ಹ್ಞೂಂ, ಹೊರಡಮ್ಮ, ಆಟೊ ಕಾಯ್ತಿದೆ” ಎನ್ನುತ್ತಿದ್ದರು. ಐದನೇ ಸಲ ಹೋಗುವಷ್ಟರಲ್ಲಿ ಮಾವ ಇರಲಿಲ್ಲ. ಹೃದಯಾಘಾತ. ಅವರೂ ಯಾರಿಗೂ ಹೇಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅತ್ತೆ ಡಿಸ್ಕು, ಫೋನು ಎರಡನ್ನೂ ನನ್ನ ಮಡಿಲಿಗೆ ಹಾಕಿದರು. “ನೀನೇ ಇಟ್ಕೋ. ನನ್ ಕುಂಕುಮದಿಂದ ಹಾಳಾಯ್ತು.”

“ಇಲ್ಲ ಅತ್ತೆ, ಕಿತ್ತಿದ್ದು ನಾನು” ಎಂದೆ. “ಅವ್ರಿಗೆ ಹೇಳಿದ್ರೆ ನಕ್ಬುಡ್ತಿದ್ರಲ್ಲೇ” ಎಂದರು ಅತ್ತೆ.

ಅದೇ ಅಂಗಡಿಗೆ ಹೋಗಿ ನಡೆದದ್ದು ಹೇಳಿದೆ. “ಮೊದ್ಲೇ ಹೇಳ್ಬಾರ್ದಾ ಮೇಡಂ? ಅರ್ಧಕ್ಕೆ ಕಿತ್ರೆ ಅದು ಹೆದರಿ ಬಾಗ್ಲಾಕ್ಕೊಂತದೆ, ಅಷ್ಟೇ” ಎಂದು ಅವರು ಕಂಪ್ಯೂಟರಿಗೆ ತಪ್ಪು ಹುಡುಕಿ ಸರಿಪಡಿಸುವ ಆಜ್ಞೆ ಕೊಟ್ಟರು. ಅವರ ಟೀ ಆರುವ ಮೊದಲೇ ಡಿಸ್ಕು ಸರಿಹೋಯಿತು!

ಮನೆಗೆ ಬಂದು ಮಾವನ ಫೋನಿನಲ್ಲಿ ಉಳಿದಿದ್ದ ರೆಕಾರ್ಡಿಂಗುಗಳನ್ನು ಡಿಸ್ಕಿಗೆ ಸೇರಿಸತೊಡಗಿದೆ. ಕೊನೆಯದಕ್ಕೆ ನನ್ನ ಹೆಸರಿತ್ತು. ಒತ್ತಿದೆ. “ಏನ್ ಮಾವ ನಿಮ್ ಹುಚ್ಚು!” ಎಂಬ ನನ್ನ ದನಿ. ಗೇಟು ಧಡಾರ್. ಆಟೊ ದೂರವಾಗುವ ಸದ್ದು. ಆಮೇಲೆ ಮಾವ, ತಮ್ಮಷ್ಟಕ್ಕೆ ತಾವೇ ಎಂಬಂತೆ:

“ಹೇಳ್ದೆ ಹೊರಟ್ಬುಟ್ಲು. ಇರ್ಲಿ, ಬರ್ತಾಳೆ.”

ಬಂದಿದ್ದೆ ಮಾವ. ನಾಲ್ಕು ಸಲ ಬಂದಿದ್ದೆ. ಹೇಳಲೇ ಇಲ್ಲ.