ಬಸ್ಸಾರಿಗಾಗಿ ಅಮ್ಮನನ್ನು ಎಬ್ಬಿಸಿದ್ದು

ಮದುವೆಯಾದ ಹನ್ನೊಂದು ವರ್ಷವೂ ನಾನು ಹೇಳಿಕೊಂಡು ಬಂದದ್ದು ಒಂದೇ ಮಾತು: "ಹುರುಳಿಕಾಳಿನ ಬಸ್ಸಾರು ಅಂದ್ರೆ ನಮ್ಮಮ್ಮನ ಕಾಲದ್ದು ಕಣೇ. ಇದು ಕಾಳು ತೊಳೆದ ನೀರು." ಒಂದು ದಿನ ನನ್ನ ಹೆಂಡತಿ ನರಸಮ್ಮ ಸೌಟು ಕುಕ್ಕಿದಳು. "ಹಂಗಾದ್ರೆ ನಿಮ್ಮಮ್ಮನ್ನೇ ಎಬ್ಬಿಸ್ಕೊಂಡು ಬನ್ರೀ!"

ಎಬ್ಬಿಸಿಯೇಬಿಟ್ಟೆ.

(ನಮ್ಮ ಮಧುಗಿರಿ ಸೀಮೆಯಲ್ಲಿ ಆಗ ಸತ್ತವರನ್ನು ಎಬ್ಬಿಸುವುದು ಹಲ್ಲು ಕೀಳಿಸಿದಷ್ಟು ಸಲೀಸು. ಲೋಕಕ್ಕೆ ಉಪಕಾರವೂ ಇತ್ತು. ಕೊರಟಗೆರೆಯ ಮಹಾಲಿಂಗಯ್ಯನ ತಾತ ಎದ್ದು ಬಂದು, ಹೊಲದ ಬದು ತೋರಿಸಿ, ಮೂವತ್ತು ವರ್ಷದ ವ್ಯಾಜ್ಯ ಮುಗಿಸಿದ. ಅಪಾಯವೂ ಇತ್ತು. ಮುಗಿಸಿದ ಮೇಲೆ ತನ್ನ ಪಾಲು ಕೇಳುತ್ತಾ ಅಲ್ಲೇ ಕೂತ. ಇನ್ನು ಐವತ್ತೇಳರ ಎಲೆಕ್ಷನ್ನು! ಸತ್ತವರು ಓಟು ಹಾಕುವುದು ಹೊಸದೇನಲ್ಲ, ಆ ಸಲ ಅವರೇ ನಡೆದುಕೊಂಡು ಬಂದರು, ಅಷ್ಟೆ.)

ಕೊಳಾಲದ ದೊಡ್ಡರಂಗಪ್ಪ ಈ ಪ್ರೇತೋತ್ಥಾಪನ ವಿದ್ಯೆಯಲ್ಲಿ ಮಹಾ ಪ್ರವೀಣ. ಮೊದಲೇ ಎಚ್ಚರಿಸಿದ: "ಎಬ್ಸಾದು ನನ್ ಕೆಲ್ಸ ಸ್ವಾಮಿ. ವಾಪಸ್ ಕಳ್ಸಾದು ನಿಮ್ದು. ಪಿತೃಪಕ್ಷದಾಗೆ ಎಡೆ ಇಕ್ಕಲ್ವಾ, ಅಂಗೇ ಇಷ್ಟದ ಅಡ್ಗೆ ಬಡ್ಸಿ. 'ಹೊಟ್ಟೆ ತುಂಬ್ತು' ಅಂತ ಬಾಯ್ಬುಟ್ಟು ಅಂದ್ರೇನೇ ಅವ್ರು ಹೊರಡಾದು."

"ನಮ್ಮಮ್ಮನಿಗೆ ಬಸ್ಸಾರು ಅಂದ್ರೆ ಪ್ರಾಣ! ಸೊಸೆಗೆ ಕಲಿಸಿ, ಉಂಡು, ಹೊರಡ್ತಾಳೆ," ಅಂದೆ.

ನನ್ನ ಮದುವೆಗೆ ಮುಂಚೆಯೇ ಕಣ್ಣು ಮುಚ್ಚಿದ್ದ ನನ್ನಮ್ಮ ಪೆದ್ದಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ನನಗೆ ಅಳುವೇ ಬಂತು. "ಅಮ್ಮಾ, ಇವಳಿಗೆ ನಿನ್ನ ಬಸ್ಸಾರು ಕಲಿಸು."

"ನಂಗೇನ್ಲಾ ಗೊತ್ತು? ಒಲೆ ಮುಂದೆ ಕೂತ್ರೆ ನಂಗೆ ಉಬ್ಬಸ. ಸಾರು ಕಾಯಿಸ್ತಿದ್ದೋರು ನಿಮ್ಮಪ್ಪ. ಊರೋರು ನಗ್ತಾರೆ ಅಂತ ಯಾರ್ಗೂ ಹೇಳಿರ್ನಿಲ್ಲ."

ನರಸಮ್ಮ ಸೆರಗು ಬಾಯಿಗಿಟ್ಟು ಕೆಮ್ಮಿದಳು. ಅದು ಕೆಮ್ಮಲ್ಲ ಅಂತ ನನಗೆ ಗೊತ್ತು. "ಅಯ್ಯೋ ಅತ್ತೆ, ಈಗ ನಿಮ್ಮ ಹೊಟ್ಟೆ ತುಂಬ್ಸೋದು ಹೆಂಗೆ?"

"ಅವ್ರ ಕೈಗುಣ ಇವನಿಗೂ ಬಂದಿರ್ತದೆ ಕಣಮ್ಮ. ಸೌಟು ಅವನ ಕೈಗೆ ಕೊಡು."

ಒಲೆ ಊದಲು ಕೂತೆ. ಮೊದಲ ವಾರ ಕಾಳು ಸೀದಿತು, ಎರಡನೇ ವಾರ ನನ್ನ ಮೀಸೆ. ಅತ್ತೆ ಸೊಸೆ ಜಗಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತಾ ಚೌಕಾಬಾರ ಆಡಿದ್ದೇ ಆಡಿದ್ದು!

ಮೂರನೇ ತಿಂಗಳು ಒಂದು ಮಧ್ಯಾಹ್ನ ಸಾರು ಘಮ್ಮೆಂದಿತು. ಅಮ್ಮ ಮುದ್ದೆ ಮುರಿದು, ಅದ್ದಿ, ನುಂಗಿದಳು. ಕಣ್ಣಲ್ಲಿ ನೀರು. ಸಾಕ್ಷಾತ್ ಅಪ್ಪನದೇ ಸಾರು! ಗೆದ್ದೆ ಅಂದುಕೊಂಡು 'ಹೊಟ್ಟೆ ತುಂಬ್ತು' ಅನ್ನೋ ಮಾತಿಗೆ ಕಾದೆ.

ನರಸಮ್ಮ ಮೆಲ್ಲಗೆ ಅಂದಳು: "ಅತ್ತೆ, ನೀವು ಹೊರಟ್ರೆ ನಾಳೆಯಿಂದ ಒಲೆ ನಂದೇ."

ಅಮ್ಮ ಸೊಸೆಯ ಮುಖ ನೋಡಿದಳು. ನನ್ನ ಮುಖ ನೋಡಿದಳು. ತಟ್ಟೆ ಮುಂದೆ ತಳ್ಳಿದಳು.

"ಉಪ್ಪು ಸಾಲ್ದು ಕಣ್ಲಾ, ನಾಳೆ ಇನ್ನೊಂದ್ ಸಲ ಮಾಡು. ಈಗ ಇನ್ನೆರಡು ಸೌಟು ಬುಡು."