ಬಾಣದ ಮುಖ ಕಚೇರಿಯತ್ತ

ನೀರು ಸರಬರಾಜು ಇಲಾಖೆಯ ಯಾವುದೇ ವಸ್ತುವಿನ ಮೇಲಿರುವ ಯಾವುದೇ ಬಾಣದ ಗುರುತು ಕೇಂದ್ರ ಕಚೇರಿಯತ್ತಲೇ ಮುಖ ಮಾಡಿರತಕ್ಕದ್ದು ಎಂಬ ನಿಯಮ ಜಾರಿಗೆ ಬಂದ ಮೇಲೆ ಊರಿನ ಆಡಳಿತದಲ್ಲಿ ಶಿಸ್ತು ಹೆಚ್ಚಿತು. ಬಾಣವೊಂದು ಕಚೇರಿಗೆ ಬೆನ್ನು ತೋರಿಸುವುದು ಅವಿಧೇಯತೆಯೆಂದು ಮೊದಲು ಕಂಡುಕೊಂಡು, ಟಿಪ್ಪಣಿ ಬರೆದು ನಿಯಮ ರೂಪಿಸಿದವನು ಕಿರಿಯ ಎಂಜಿನಿಯರ್. ಆ ಟಿಪ್ಪಣಿ ಓದಿದ ದೊಡ್ಡಸಾಹೇಬರು, "ಈ ಹುಡುಗ ಮುಂದೆ ಬರ್ತಾನೆ" ಎಂದಿದ್ದರು. ಅಂದಿನಿಂದ ಅವನ ಕಣ್ಣು ಬಡ್ತಿಯ ಮೇಲೆಯೇ ನೆಟ್ಟಿತ್ತು.

ಓದಿದವನಲ್ಲ ಎಂದು ಅವನನ್ನು ಯಾರೂ ದೂರುವಂತಿಲ್ಲ. ವಾಲ್ವುಗಳ ವಿಷಯ ಅವನಿಗೆ ಬಾಯಿಪಾಠ. ಗೇಟ್ ವಾಲ್ವಿನೊಳಗೆ ಒಂದು ತಟ್ಟೆ. ಚಕ್ರ ತಿರುಗಿಸಿದರೆ ಏಳುತ್ತದೆ, ಇಳಿಯುತ್ತದೆ. ಪೂರ್ತಿ ತೆರೆಯಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರ್ಧಕ್ಕೆ ಬಿಟ್ಟರೆ ನಡುಗಿ ನಡುಗಿ ಸವೆಯುತ್ತದೆ. ಇಲಾಖೆಯ ಗೇಟ್ ವಾಲ್ವುಗಳನ್ನೆಲ್ಲ ಅರ್ಧಕ್ಕೇ ಬಿಡಲಾಗಿತ್ತು. ತೆರೆದಿಲ್ಲವೆಂದು ಜನ ಅನ್ನುವಂತಿರಲಿಲ್ಲ, ಮುಚ್ಚಿಲ್ಲವೆಂದು ಮೇಲಿನವರು ಅನ್ನುವಂತಿರಲಿಲ್ಲ. ಬಾಲ್ ವಾಲ್ವಿನಲ್ಲಿರುವುದು ತೂತಿರುವ ಗುಂಡು. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು. ಅದನ್ನು ಸಾಹೇಬರ ಮನೆಗೆ ಹಾಕಲಾಗಿತ್ತು, ಸಾಹೇಬರ ಕೈ ನೋಯಬಾರದಲ್ಲ. ಸೇಫ್ಟಿ ವಾಲ್ವು ಒತ್ತಡ ಮಿತಿಮೀರಿದಾಗ ತಾನೇ ತೆರೆದು, ಸ್ವಲ್ಪ ಹೊರಬಿಟ್ಟು, ಮತ್ತೆ ಮುಚ್ಚಿಕೊಳ್ಳುತ್ತದೆ. ಇಲಾಖೆಯ ದೂರು ಕೌಂಟರನ್ನೂ ಇದೇ ತತ್ವದ ಮೇಲೆ ಸ್ಥಾಪಿಸಲಾಗಿದೆ.

ಇನ್ನು ಚೆಕ್ ವಾಲ್ವು. ಅದರೊಳಗೆ ಬಾಗಿಲಿನ ಹಾಗೆ ತೂಗುವ ಒಂದು ಮುಚ್ಚಳ. ಮೈಮೇಲಿನ ಬಾಣದ ದಿಕ್ಕಿನಲ್ಲಿ ಬಂದ ನೀರು ಅದನ್ನು ತಳ್ಳಿಕೊಂಡು ಹೋಗುತ್ತದೆ. ಎದುರಿನಿಂದ ಬಂದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಗುಡ್ಡದ ಮೇಲಿರುವ ಮೇಲ್ಬೀದಿಯ ಟ್ಯಾಂಕಿಗೆ ಪಂಪು ಹತ್ತಿಸಿದ ನೀರು ವಾಪಸ್ ಜಾರದಿರಲೆಂದು ಇಂಥದೊಂದು ಮಂಜೂರಾಯಿತು.

"ಸಾರ್, ಬಾಣ ಯಾವ ಕಡೆಗಿರ್ಲಿ?" ಎಂದು ಕೂರಿಸುವ ದಿನ ಫಿಟ್ಟರ್ ಕೇಳಿದ.

ಕಚೇರಿಯಿದ್ದದ್ದು ಗುಡ್ಡದ ಕೆಳಗೆ. ಕಿರಿಯ ಎಂಜಿನಿಯರ್ ಒಮ್ಮೆ ಗುಡ್ಡ ನೋಡಿದ, ಒಮ್ಮೆ ಕಚೇರಿ ನೋಡಿದ.

"ನಿಯಮ ಗೊತ್ತಿಲ್ವೇನಯ್ಯಾ?" ಎಂದ.

ಮರುದಿನದಿಂದ ಮೇಲ್ಬೀದಿಗೆ ನೀರು ಹತ್ತಲಿಲ್ಲ. ಪಂಪು ನಿಂತ ಹೊತ್ತಿನಲ್ಲಿ ಟ್ಯಾಂಕಿನಲ್ಲಿದ್ದ ನೀರೂ ಕೆಳಗಿಳಿದು ಸಾಹೇಬರ ತೋಟ ಸೇರಿತು. ಕಿರಿಯ ಎಂಜಿನಿಯರನ ಮನೆಯಿದ್ದದ್ದೂ ಮೇಲ್ಬೀದಿಯಲ್ಲೇ.

"ರೀ, ಅತ್ತೆ ಆ ಮಂಡಿ ನೋವಿಟ್ಕೊಂಡು ಕೊಡ ಹೊತ್ತು ಗುಡ್ಡ ಹತ್ತುತಾ ಇದಾರೆ," ಎಂದಳು ಹೆಂಡತಿ. "ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಮ್ಮನೇಲಿ ಮಾಡಿದ್ದು ನೀವು, ಉಣ್ತಾ ಇರೋದು ನಾವು. ಆ ಸುಡುಗಾಡು ವಾಲ್ವನ್ನ ತಿರುಗಿಸಿ ಹಾಕ್ಸೋಕೆ ನಿಮಗೇನ್ರೀ ಧಾಡಿ?"

"ತಿರುಗಿಸಿದ್ರೆ ಬಾಣ ಕಚೇರಿಗೆ ಬೆನ್ನು ಹಾಕುತ್ತೆ ಕಣೇ. ನಿಯಮ ಬರೆದೋನು ನಾನೇ. ಮುಂದಿನ ತಿಂಗಳು ಬಡ್ತಿ ಬೇರೆ ಇದೆ."

"ಬಡ್ತೀನ ಲೋಟಕ್ಕೆ ಹಾಕಿ ಕೊಡ್ಲಾ, ಕುಡೀತೀರಾ?"

ಮಾತು ನಾಟಿತು. ತಾಯಿಯ ಊದಿದ ಮಂಡಿಯನ್ನೂ ಕಂಡ. ತಪ್ಪೊಪ್ಪಿಕೊಂಡೇ ಬಿಡುವುದೆಂದು ಸಾಹೇಬರೆದುರು ಹೋಗಿ ನಿಂತ.

"ಸಾರ್, ಮೇಲ್ಬೀದಿ ನೀರು ಕೆಳಕ್ಕೆ ಬರ್ತಾ ಇದೆ."

"ನೋಡಿದೆ ಕಣ್ರೀ! ನನ್ನ ಹೂವಿನ ಗಿಡಗಳನ್ನ ಒಂದ್ಸಲ ಬಂದು ನೋಡಿ. ಪಂಪು ನಿಲ್ಲಿಸಿದ್ರೂ ನೀರು ತಾನಾಗೇ ಬರುತ್ತೆ! ಯಾರ ತಲೆ ಇದು?"

ತಪ್ಪಾಯಿತು ಎನ್ನಲು ತೆರೆದ ಬಾಯಿ, "ನಂದೇ ಸಾರ್" ಎಂದಿತು.

ಕೂಡಲೇ ಪ್ರಕಟಣೆ ಹೊರಬಿತ್ತು: "ಮೇಲ್ಬೀದಿಯನ್ನು ಊರಿನ ಜಲಮೂಲವೆಂದು ಘೋಷಿಸಲಾಗಿದೆ. ಮೂಲವು ಬತ್ತದಂತೆ ನೋಡಿಕೊಳ್ಳುವುದು ಅಲ್ಲಿನ ನಿವಾಸಿಗಳ ಕರ್ತವ್ಯ. ಜಲಮೂಲಕ್ಕೇ ನೀರು ಸರಬರಾಜು ಮಾಡುವ ಪದ್ಧತಿ ಎಲ್ಲಿಯೂ ಇಲ್ಲದಿರುವುದರಿಂದ, ನೀರು ಕೋರುವ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ."

ಮೂಲ ಬತ್ತಬಾರದಲ್ಲ, ಸಾಹೇಬರ ಭಾವಮೈದುನನ ಟ್ಯಾಂಕರು ಬಂತು. ಅದು ಕೆಳಗಿನ ಪೈಪಿನಿಂದ ತುಂಬಿಕೊಂಡು, ಗುಡ್ಡ ಹತ್ತಿ, ಮೇಲ್ಬೀದಿಯವರಿಂದ ದುಡ್ಡು ಪಡೆದು ಟ್ಯಾಂಕಿಗೆ ಸುರಿಯುತ್ತಿತ್ತು. ಜನ ಬಿದ್ದೆದ್ದು ಓಡಿ ಕೊಡ ಹಿಡಿಯುವಷ್ಟರಲ್ಲಿ ಉಳಿದದ್ದು ಕೆಳಗಿಳಿದು, ಅದೇ ಟ್ಯಾಂಕರಿಗೆ ಮತ್ತೆ ಸಿದ್ಧವಾಗುತ್ತಿತ್ತು. ಒಂದೇ ನೀರನ್ನು ಹೀಗೆ ಮುಗಿಯದಂತೆ ಮಾರಬಹುದೆಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ನೀರಿನ ಮರುಬಳಕೆಗಾಗಿ ಇಲಾಖೆಗೆ ಪ್ರಶಸ್ತಿ ಬಂತು.

ಮೇಲ್ಬೀದಿಯವರು ಮೊದಮೊದಲು ಕೂಗಾಡಿದರು. ದೂರು ಕೌಂಟರು ತೆರೆಯಿತು, ಸ್ವಲ್ಪ ಹೊರಬಿಟ್ಟಿತು, ಮುಚ್ಚಿಕೊಂಡಿತು. ಆಮೇಲೆ ಮನೆಮನೆಯ ಬಾಗಿಲಿಗೂ 'ಜಲದಾನಿ' ಎಂಬ ಹಿತ್ತಾಳೆ ಫಲಕ ಬಂತು. ಪಕ್ಕದ ಮನೆಯದ್ದು ನಮ್ಮದಕ್ಕಿಂತ ದೊಡ್ಡದು ಎಂಬ ದೂರೊಂದೇ ಉಳಿಯಿತು. ಹೆಂಡತಿ ಜಲದಾನಿ ಮಹಿಳಾ ಸಂಘದ ಅಧ್ಯಕ್ಷೆಯಾದಳು; ಆ ಫಲಕವನ್ನು ಒಣ ಬಟ್ಟೆಯಲ್ಲೇ ಉಜ್ಜಿ ಹೊಳೆಸುವುದನ್ನು ಕಲಿತಳು.

ಬಡ್ತಿಯ ಆದೇಶ ಹಿಡಿದು ಅವನು ಗುಡ್ಡ ಹತ್ತಿ ಬಂದಾಗ, ತಾಯಿ ಟ್ಯಾಂಕಿನ ಬುಡದಲ್ಲಿ ಕೊಡ ಇಟ್ಟುಕೊಂಡು ಸರದಿಗೆ ಕೂತಿದ್ದಳು. ಅವಳ ಸರದಿ ಬಂತು. ನಲ್ಲಿ ಬರೀ ಗಾಳಿ ಬಿಟ್ಟಿತು. ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ತಾಯಿ ಪಕ್ಕದ ಪೈಪಿಗೆ ಕಿವಿಯಿಟ್ಟು ಆಲಿಸಿದಳು. ಕೊನೆಯ ನೀರು ಗಳಗಳ ಕೆಳಗಿಳಿಯುತ್ತಿತ್ತು. ಅವಳ ಮುಖ ಅರಳಿತು.

"ಎಷ್ಟು ಚೆನ್ನಾಗಿ ಹೋಗ್ತಾ ಇದೆ ನೋಡು ಮಗಾ, ಒಂದು ಹನೀನೂ ವಾಪಸ್ ಬರಲ್ಲ," ಎಂದು ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡಳು. "ಕೆಲಸ ಮಾಡಿದ್ರೆ ನಿನ್ನ ಹಾಗೆ ಮಾಡ್ಬೇಕು."