ಪಟ್ಟ ಕಟ್ಟಿಸಿಕೊಂಡ ಚರಂಡಿ ಇಂಜಿನಿಯರು

ಯಾವ ಕಚೇರಿಯಲ್ಲಿ ಎಲ್ಲರೂ ಮುಖ ಗಂಟಿಕ್ಕಿಕೊಂಡು ಕೆಲಸ ಮಾಡುತ್ತಾರೋ, ನಗುವಂಥದ್ದು ನಡೆಯುವುದು ಅಲ್ಲೇ. ಬೇಕಾದರೆ ಬರೆದಿಟ್ಟುಕೊಳ್ಳಿ. ನಾನು ಮೈಸೂರಿನವನು, ಕತಾರಿನಲ್ಲಿ ಡ್ರಾಯಿಂಗು, ಫೈಲು ನೋಡಿಕೊಂಡಿದ್ದು ನಿವೃತ್ತನಾದವನು. ವಿಶ್ವಕಪ್ಪಿಗಾಗಿ ಲುಸೈಲ್ ಎಂಬ ಹೊಸ ಊರನ್ನೇ ಕಟ್ಟುತ್ತಿದ್ದ ವರ್ಷಗಳಲ್ಲಿ ‘ಬೇಗ, ಬೇಗ’ ಬಿಟ್ಟರೆ ನಮಗೆ ಬೇರೆ ಮಾತೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಪಕ್ಕದ ಟೇಬಲ್ಲಿಗೆ ಬಂದವರು ಚೀಫ್.

ನೈಜೀರಿಯಾದ ಯೊರೂಬಾ ಜನ, ಮಳೆನೀರು ಚರಂಡಿಯ ಇಂಜಿನಿಯರು. ಊರಿನ ಶಾಲೆಗೆ ನೀರು ತಂದುಕೊಟ್ಟಿದ್ದಕ್ಕೆ ಅಲ್ಲಿನ ರಾಜರು ಅವರಿಗೆ ಪಟ್ಟ ಕಟ್ಟಿ, ಹವಳ ತೊಡಿಸಿ, ಬಿರುದು ಕೊಟ್ಟಿದ್ದರು. ಅಂದಿನಿಂದ ಅವರು ಎಲ್ಲರಿಗೂ ಚೀಫ್. ಪಟ್ಟದವರು ವರ್ಷಕ್ಕೊಮ್ಮೆ ಹಬ್ಬದ ದಿನ ರಾಜರೆದುರು ಹಾಜರಾಗಬೇಕು. ಹೋದ ವರ್ಷ ರಜೆ ಸಿಗದೆ ತಪ್ಪಿತ್ತು. ಈ ಸಲವೂ ಬರದಿದ್ದರೆ ಹವಳ ವಾಪಸು ಎಂದು ರಾಜರು ಹೇಳಿಕಳಿಸಿದ್ದರು. ಚರಂಡಿಗೆ ಇನ್ಸ್‌ಪೆಕ್ಟರ ಸಹಿ ಬೀಳುವವರೆಗೆ ರಜೆ ‘ಮಾಫಿ’, ಅಂದರೆ ಅಲ್ಲಿನ ಅರಬ್ಬಿಯಲ್ಲಿ ‘ಇಲ್ಲ’, ಎಂದು ನಮ್ಮ ಮ್ಯಾನೇಜರು ಹೇಳಿದ್ದರು. ಇಬ್ಬರು ರಾಜರ ನಡುವೆ ಚೀಫ್!

೧. ಪಾಸು

ಆ ಬಿರುದು ಪೂರ್ತಿ ಹೇಳಬೇಕಾದರೆ ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಬೇಕು. ಗೇಟ್ ಪಾಸಿನ ಮೇಲೆ ಅದು ಇರಲೇಬೇಕೆಂದು ಚೀಫ್ ಪಟ್ಟು ಹಿಡಿದರು. ಪಾಸು ಮಾಡುವ ಕೇರಳದ ಗುಮಾಸ್ತ ನನಗೆ ಫೋನು ಮಾಡಿದ: “ಸಾರ್, ಹೆಸರು ಹಿಡಿಸಿದರೆ ಫೋಟೋ ಹಿಡಿಸಲ್ಲ. ಯಾವುದು ತೆಗೀಲಿ?”

ಚೀಫರನ್ನೇ ಕೇಳಿದೆ. ಗಂಭೀರವಾಗಿ ಯೋಚಿಸಿದರು.

“ಫೋಟೋ ತೆಗೀಲಿ. ಮುಖ ಹೇಗೂ ದಿನಾ ಜೊತೆಗೇ ತರ್ತೀನಲ್ಲ.”

೨. ನಿಯೋಗ

ಒಂದು ಶುಕ್ರವಾರ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದರು. ಮೂರು ಜನಕ್ಕಾಗುವಷ್ಟು ಅಗಲದ ನಿಲುವಂಗಿ, ಟೋಪಿ, ಕೊರಳಲ್ಲಿ ಹವಳ. ನನ್ನ ಹೆಂಡತಿ ಕಿವಿಯಲ್ಲಿ ಕೇಳಿದಳು: “ರೀ, ಇವರಿಗೆ ಕುರ್ಚಿ ಸಾಕಾ, ಸೋಫಾ ಎಳೀಬೇಕಾ?”

ಊಟವಾದ ಮೇಲೆ ತಮ್ಮ ಚರಂಡಿ ತೋರಿಸುತ್ತೇನೆಂದು ನನ್ನನ್ನು ಲುಸೈಲ್‌ಗೆ ಕರೆದೊಯ್ದರು. ಅಂದು ಯಾವುದೋ ದೇಶದ ಮಂತ್ರಿ ಕ್ರೀಡಾಂಗಣ ನೋಡಲು ಬರುವುದಿತ್ತಂತೆ. ಸೂಟು ತೊಟ್ಟ ಸ್ವಾಗತದವರು ಚೀಫರನ್ನು ಕಂಡದ್ದೇ ಓಡಿಬಂದು, ತಂಪು ಕೋಣೆಯಲ್ಲಿ ಕೂರಿಸಿ, ಖರ್ಜೂರ, ಅರಬ್ಬಿ ಕಾಫಿ ಕೊಟ್ಟರು. ನನ್ನನ್ನು ಕಾರ್ಯದರ್ಶಿ ಅಂದುಕೊಂಡು ಪ್ಯಾಡು, ಪೆನ್ನು. ನಾನೇನು ಕಮ್ಮಿ? ಮುಖ ಬಿಗಿದು ಬರೆದುಕೊಳ್ಳತೊಡಗಿದೆ.

“ತಮ್ಮದು ಯಾವ ಇಲಾಖೆ, ಯುವರ್ ಎಕ್ಸಲೆನ್ಸಿ?” ಎಂದು ಅವರಲ್ಲೊಬ್ಬ ಕೇಳಿದ.

“ಚರಂಡಿ,” ಅಂದರು ಚೀಫ್.

ಆತ ಕಣ್ಣು ಸಹ ಪಿಳುಕಿಸಲಿಲ್ಲ. “ಬಹಳ ಮುಖ್ಯ ಇಲಾಖೆ,” ಎಂದು ಇನ್ನೊಂದು ತಟ್ಟೆ ಖರ್ಜೂರ ಇಟ್ಟ.

ನಾವು ಹೊರಗೆ ಬರುವಾಗ ನಿಜವಾದ ಮಂತ್ರಿ ಸಾದಾ ಟೀ ಶರ್ಟಿನಲ್ಲಿ ಗೇಟಿನ ಬಳಿ ನಿಂತಿದ್ದರು. ಅವರನ್ನು ಕಾವಲಿನವನು ಒಳಗೆ ಬಿಡುತ್ತಿರಲಿಲ್ಲ.

೩. ಸಹಿ

ಸಹಿ ಮಾತ್ರ ಬೀಳಲೊಲ್ಲದು. “ಕಲ್ಲುಹಾಸಿಗೆ ಇಳಿಜಾರು ಸಾಲದು, ನೀರು ಚರಂಡಿಗೆ ಹೋಗದೆ ನಿಲ್ಲುತ್ತೆ,” ಎಂದು ಎರಡು ಸಲ ಫೇಲು. ಚೀಫ್ ಅಷ್ಟನ್ನೂ ಕಿತ್ತು ಮತ್ತೆ ಹಾಸಿಸಿದರು. ಹಬ್ಬಕ್ಕೆ ನಾಲ್ಕೇ ದಿನ ಉಳಿದಿರುವಾಗ ಹೊಸ ಇನ್ಸ್‌ಪೆಕ್ಟರು ಬರುತ್ತಾರೆ, ಮಹಾ ಕಟ್ಟುನಿಟ್ಟು, ಎಂದು ಸುದ್ದಿ.

ಬಂದವನು ಸಣಕಲು ಯುವಕ. ಬೆಳಗ್ಗೆ ಎಂಟಕ್ಕೇ ಬಿಸಿಲು ಬಾಣಲೆಯಾಗಿತ್ತು. ಚೀಫ್ ಕೈ ಮುಂದೆ ಮಾಡಿದರು. ಅವರ ಮಣಿಕಟ್ಟಿನ ಹವಳವನ್ನೂ ಮುಖವನ್ನೂ ನೋಡಿದವನೇ ಯುವಕ ಸಹಿ ಹಾಕುವ ಟ್ಯಾಬ್ಲೆಟ್ಟನ್ನು ನನ್ನ ಕೈಗೆ ತುರುಕಿ, ಕಲ್ಲುಹಾಸಿನ ಮೇಲೆ ಉದ್ದಕ್ಕೆ ಬೋರಲು ಬಿದ್ದ!

ಅವನೂ ಚೀಫರ ಊರಿನವನೇ. ಅವರಲ್ಲಿ ಕಿರಿಯರು ಪಟ್ಟದವರಿಗೆ ಹೀಗೇ ನಮಸ್ಕರಿಸಬೇಕು. ಹಿರಿಯರು ಹರಸಿ ಮುಗಿಸುವವರೆಗೆ ಏಳುವಂತಿಲ್ಲ. ಇದು ನನಗೆ ಆಮೇಲೆ ಗೊತ್ತಾಗಿದ್ದು. ಸಾಷ್ಟಾಂಗ ನಮಗೇನೂ ಹೊಸದಲ್ಲ, ಆದರೆ ಹೆಲ್ಮೆಟ್ ಹಾಕಿಕೊಂಡು ಮಾಡಿದ್ದನ್ನು ನಾನು ನೋಡಿರಲಿಲ್ಲ.

ನಮ್ಮ ಸೇಫ್ಟಿ ಆಫೀಸರು ಮಂಗಳೂರಿನವರು. ಬೇಸಿಗೆಯಲ್ಲಿ ಯಾರೇ ಬಿದ್ದರೂ ಮೊದಲು ಐಸ್ ನೀರು, ಆಮೇಲೆ ಪ್ರಶ್ನೆ ಎನ್ನುವುದು ಅವರ ನಿಯಮ. “ಅಯ್ಯೋ ದೇವ್ರೇ, ಬಿಸಿಲು ಹೊಡೀತು! ಯಲ್ಲಾ, ಯಲ್ಲಾ, ಬೇಗ ಬಕೆಟ್!” ಎಂದು ಕೂಗುತ್ತಲೇ ಒಂದು ಬಕೆಟ್ ಸುರಿದರು. ಯುವಕ ಬೆಚ್ಚಿದ, ಏಳಲಿಲ್ಲ. ಚೀಫ್ ಕಣ್ಣು ಮುಚ್ಚಿ ತಮ್ಮ ಭಾಷೆಯಲ್ಲಿ ಹರಸುತ್ತಲೇ ಇದ್ದರು.

“ಎಂತ ಮಾರಾಯ್ರೆ, ನೋಡ್ತಾ ನಿಂತದ್ದು? ಕಾಲು ಎತ್ತಿ ಹಿಡೀರಿ!” ಎಂದು ಆಫೀಸರು ನನ್ನನ್ನು ಗದರಿದರು. “ಚೀಫ್ ಆಗ್ಲೇ ಕೊನೆಯ ಮಂತ್ರ ಶುರು ಮಾಡಿ ಆಯ್ತು!”

ನಾನು ಕಾಲು ಹಿಡಿದೆ. ಎರಡನೇ ಬಕೆಟ್, ಮೂರನೇ ಬಕೆಟ್. ಆಶೀರ್ವಾದ ಯುವಕನ ಹುಟ್ಟಲಿರುವ ಮೊಮ್ಮಕ್ಕಳವರೆಗೆ ಹೋಯಿತಂತೆ; ಅದು ಮುಗಿಯುವಾಗ ನಾಲ್ಕನೆಯದೂ ಖಾಲಿ.

ಆಗಲೂ ಯುವಕ ಏಳಲಿಲ್ಲ. ಕೆನ್ನೆ ನೆಲಕ್ಕೊತ್ತಿ, ಒಂದು ಕಣ್ಣು ಮುಚ್ಚಿ, ತನ್ನ ಮೈಮೇಲಿಂದ ಇಳಿದ ನೀರು ಎತ್ತ ಹೋಗುತ್ತಿದೆಯೆಂದು ನೋಡಿದ. ಒಂದು ಹನಿಯೂ ನಿಲ್ಲದೆ ಅದು ಸೀದಾ ಚರಂಡಿಗೆ ಓಡುತ್ತಿತ್ತು.

“ಇಳಿಜಾರು ಸರಿಯಿದೆ,” ಅಂದ, ಮಲಗಿದಲ್ಲಿಂದಲೇ. “ಟ್ಯಾಬ್ಲೆಟ್ ಕೊಡಿ.”

ಸಹಿ ಬಿತ್ತು, ಚೀಫ್ ಹಬ್ಬಕ್ಕೆ ಹಾರಿದರು. ತಲೆನೋವು ಸೇಫ್ಟಿ ಆಫೀಸರಿಗೆ. ನೀರು ಸುರಿದ ಮೇಲೆ ವರದಿ ಬರೆಯಲೇಬೇಕು. ಆ ಫಾರಂ ಫೈಲಿಗೆ ಸೇರಿಸಿದವನು ನಾನೇ. ‘ಬಿದ್ದ ಕಾರಣ’ ಎಂಬಲ್ಲಿ ‘ಗೌರವ’ ಎಂದಿತ್ತು. ‘ಮರುಕಳಿಸದಂತೆ ಕೈಗೊಂಡ ಕ್ರಮ’ ಎಂಬಲ್ಲಿ: ‘ಇನ್ನು ಮುಂದೆ ಗೌರವ ಕೊಡುವವರು ಮುಂಚಿತವಾಗಿ ತಿಳಿಸತಕ್ಕದ್ದು. ಚಾಪೆ ನಮ್ಮಲ್ಲಿ ಇದೆ.’